ಗಣಕ ತಂತ್ರಾಂಶದ ಜಾಲಮುಖ: ಅದರ ರಚನೆಯೂ ನಡೆಯೂ, ಅಕ್ಷರಗಣನೆಯಲ್ಲಿ ಒಂದು ತೊಡಕೂ

ಈ ಪತ್ರಿಕೆಯ ವಾಚಕರಲ್ಲಿ ಓಲೆಯ ಪ್ರತಿಗಳನ್ನು ಪರಿಶೋಧಿಸಿ ಪಾಠನಿರ್ಣಯ ಮಾಡುವ ಕಾರ್ಯದಲ್ಲಿ ತೊಡಗಿರುವವರು ಅನೇಕರುಂಟು. ಅವರಲ್ಲಿ ಹಲವರು ಈಗ ಪಾಠಾಂತರಗಳನ್ನು ಚೀಟಿಗಳಲ್ಲಿ ಬರೆದಿಡುವುದನ್ನು ಬಿಟ್ಟು ಗಣಕಯಂತ್ರದಲ್ಲಿಯೇ ಗುರುತುಮಾಡಿಕೊಳ್ಳುತ್ತಿದ್ದಾರೆ. ಈ ಕೆಲಸಕ್ಕೆ ಬಳಸುವ ತಂತ್ರಾಂಶವು ನಮ್ಮ ಮೇಜಿನ ಮೇಲಿರುವ ಯಂತ್ರದಲ್ಲಿಯೇ ನೆಲೆಸಿ, ಜಾಲಸಂಪರ್ಕವಿಲ್ಲದೆಯೂ ನಡೆಯತಕ್ಕದ್ದಾದರೂ, ಅದರ ಕಿಟಕಿಯಲ್ಲಿ ನಮಗೆ ಕಾಣಿಸುವ ಪುಟವು ಬಹುಮಟ್ಟಿಗೆ ಅಂತರ್ಜಾಲದ ಪುಟಗಳ ಜಾತಿಗೇ ಸೇರಿದ್ದು. ಈ ಸಂಗತಿಯನ್ನು ತಿಳಿಯದೆಯೂ ಕೆಲಸ ಸಾಗುವುದೆಂದು ನಾನೂ ಬಹುಕಾಲ ಭಾವಿಸಿದ್ದೆನು. ನಮ್ಮದೇ ಒಂದು ಪರಿಶೋಧನೆಯಲ್ಲಿ ಹಲವು ಪಾಠಾಂತರಗಳು ತಮ್ಮ ಸ್ಥಾನವನ್ನು ಬಿಟ್ಟು ಬೇರೆ ಅಕ್ಷರಗಳ ಮೇಲೆ ಹೋಗಿ ಕುಳಿತ ಮೇಲೆ, ಇದರ ಒಳಗನ್ನು ನೋಡದೆ ವಿಧಿಯಿಲ್ಲವಾಯಿತು. ಆಗ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇನೆ.

ನಾನು ಯಂತ್ರವಿದ್ಯೆಯನ್ನು ಕ್ರಮವಾಗಿ ಓದಿದವನಲ್ಲ. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಅಲಂಕಾರವನ್ನೂ ಓದಿದವನು. ತಂತ್ರಾಂಶವನ್ನು ಕಟ್ಟಿದವರು ನನ್ನ ಶಿಷ್ಯರೊಬ್ಬರ ಮಗನಾದ ತರುಣ ಎಂಜಿನಿಯರು. ನಾನು ಅವರ ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಿದವನು ಮಾತ್ರ. ಆದುದರಿಂದ ಮುಂದಿನ ವಿವರಣೆಯಲ್ಲಿ ಶಾಸ್ತ್ರಜ್ಞರಿಗೆ ಅತಿಸರಳವೆನಿಸುವುದು ನನ್ನದು, ನೆಟ್ಟಗಿರುವುದು ಅವರದು.

ಮೊದಲು ವಸ್ತುಸ್ವರೂಪವನ್ನು ನೋಡೋಣ. ಇಂಥ ತಂತ್ರಾಂಶದಲ್ಲಿ ಎರಡು ಭಾಗಗಳಿರುತ್ತವೆ. ಒಂದು, ಕಡತಗಳನ್ನು ತೆರೆಯುವುದು, ಉಳಿಸುವುದು, ಪ್ರತಿಗಳನ್ನು ಪರಸ್ಪರ ಹೋಲಿಸುವುದು ಮುಂತಾದ ಕೆಲಸಗಳನ್ನು ಮಾಡುವ ಒಳಭಾಗ. ಇದನ್ನು ಗರ್ಭಭಾಗವೆಂದು ಕರೆಯುವೆನು. ಇನ್ನೊಂದು, ಅಕ್ಷರಗಳನ್ನೂ ಗುಂಡಿಗಳನ್ನೂ ತೋರಿಸಿ, ನಮ್ಮ ಬೆರಳಿನ ಆಜ್ಞೆಯನ್ನು ಸ್ವೀಕರಿಸುವ ಮುಖಭಾಗ. ಗರ್ಭಭಾಗವು ಯಂತ್ರದ ಸಕಲ ಅಧಿಕಾರವನ್ನೂ ಪಡೆದಿರುತ್ತದೆ. ಮುಖಭಾಗವಾದರೋ ಬ್ರೌಸರಿನ ಒಳಗೆ ತೆರೆದ ಒಂದು ಪುಟದಂತೆ, ತನಗೆ ಕೊಟ್ಟುದನ್ನು ತೋರಿಸಬಲ್ಲುದೇ ಹೊರತು ತಾನಾಗಿ ಒಂದು ಕಡತವನ್ನೂ ಮುಟ್ಟಲಾರದು. ಎರಡರ ನಡುವೆ ಇರುವುದು ಸಂದೇಶಗಳ ವಿನಿಮಯ ಮಾತ್ರ. “ಹನ್ನೆರಡನೆಯ ಗರಿಯ ಮೂರನೆಯ ಸಾಲನ್ನು ಕೊಡು” ಎಂದು ಮುಖವು ಕೇಳುತ್ತದೆ. ಗರ್ಭವು ಸಾಲನ್ನು ಕಳುಹಿಸುತ್ತದೆ. ಎರಡು ಪದಗಳು ಕೂಡುವೆಡೆಯಲ್ಲಿ ಆಗುವ ವಿಕಾರವನ್ನೇ ನಮ್ಮ ವೈಯಾಕರಣರು ಸಂಧಿಪ್ರಕರಣದಲ್ಲಿ ವಿಚಾರಿಸುತ್ತಾರೆ. ಇಲ್ಲಿಯೂ ದೋಷಗಳು ಹುಟ್ಟುವುದು ಬಹುಮಟ್ಟಿಗೆ ಆ ಕೂಡುವೆಡೆಯಲ್ಲಿಯೇ.

ಈ ಪದ್ಧತಿ ತೀರ ಹೊಸದಲ್ಲ. ಮೈಕ್ರೊಸಾಫ್ಟಿನವರು ೧೯೯೯ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರಿನ ಐದನೆಯ ಆವೃತ್ತಿಯೊಡನೆ, ಜಾಲಪುಟದ ಭಾಷೆಯಲ್ಲಿ ಬರೆದುದನ್ನೇ ಸ್ವತಂತ್ರ ಕಿಟಕಿಯಲ್ಲಿ ನಡೆಯಿಸುವ ಸೌಕರ್ಯವನ್ನು ಕೊಟ್ಟಿದ್ದರು. ಅದು ಒಂದೇ ಕಾರ್ಯವ್ಯವಸ್ಥೆಗೆ ಕಟ್ಟುಬಿದ್ದಿತ್ತು. ೨೦೧೩ರಲ್ಲಿ ಗಿಟ್‌ಹಬ್ ಸಂಸ್ಥೆಯವರು ಆಟಮ್ ಎಂಬ ತಮ್ಮ ಲೇಖನಸಾಧನಕ್ಕಾಗಿ ಆಟಮ್ ಶೆಲ್ ಎಂಬ ಚೌಕಟ್ಟನ್ನು ಕಟ್ಟತೊಡಗಿದರು; ೨೦೧೫ರಲ್ಲಿ ಅದಕ್ಕೆ ಎಲೆಕ್ಟ್ರಾನ್ ಎಂದು ಹೆಸರಾಯಿತು. ಅದೇ ವರ್ಷ ಹೊರಬಂದ ವಿಷುಯಲ್ ಸ್ಟುಡಿಯೊ ಕೋಡ್ ಎಂಬ ಸುಪ್ರಸಿದ್ಧ ಸಾಧನವೂ ಎಲೆಕ್ಟ್ರಾನಿನ ಮೇಲೆಯೇ ನಿಂತುದು. ಯಾವ ಆಟಮ್‌ಗಾಗಿ ಚೌಕಟ್ಟು ಹುಟ್ಟಿತೋ ಆ ಆಟಮ್ ೨೦೨೨ರ ಡಿಸೆಂಬರಿನಲ್ಲಿ ನಿಂತುಹೋಯಿತು, ಚೌಕಟ್ಟು ಮಾತ್ರ ಉಳಿಯಿತು. ಮೂಲಗ್ರಂಥ ಲುಪ್ತವಾಗಿ ಟೀಕೆ ಉಳಿದ ದೃಷ್ಟಾಂತಗಳು ನಮ್ಮಲ್ಲಿಯೂ ಕಡಮೆಯೇನಲ್ಲ.

ಇಲ್ಲಿ ಒಂದು ಪೂರ್ವಪಕ್ಷವುಂಟು. ತಂತ್ರಾಂಶವು ಮನೆಯ ಯಂತ್ರದಲ್ಲಿಯೇ ನಡೆಯುವುದಾದರೆ ಅದಕ್ಕೆ ಜಾಲದ ವೇಷವೇಕೆ? ಜಾಲದ ವೇಷವೇ ಬೇಕೆಂದರೆ ಎಲ್ಲವನ್ನೂ ದೂರದ ಸರ್ವರಿನಲ್ಲಿಟ್ಟು ಬ್ರೌಸರಿನಿಂದ ನೋಡಬಾರದೇಕೆ? ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಪ್ರತಿಯ ಒಡೆಯರು ಓದಲು ಅನುಮತಿ ಕೊಟ್ಟರೂ ಚಿತ್ರಗಳು ಮನೆಯ ಹೊರಗೆ ಹೋಗಬಾರದೆಂದು ವಿಧಿಸುವುದುಂಟು. ಅನೇಕ ಪ್ರತಿಗಳಿರುವ ಊರುಗಳಲ್ಲಿ ಜಾಲಸಂಪರ್ಕವನ್ನು ನಂಬಿ ಕುಳಿತರೆ ದಿನಕ್ಕೆ ಒಂದು ಗರಿಯೂ ಮುಗಿಯದು. ಮೊದಲನೆಯ ಪ್ರಶ್ನೆಗೆ ಸಮಾಧಾನವನ್ನು ಸ್ವಲ್ಪ ವಿಸ್ತರಿಸಬೇಕು. ಕನ್ನಡ ಲಿಪಿಯಲ್ಲಿ ಅಕ್ಷರವನ್ನು ತೆರೆಯ ಮೇಲೆ ಮೂಡಿಸುವುದು ರೋಮನ್ ಲಿಪಿಯಷ್ಟು ಸರಳವಲ್ಲ. ಒತ್ತು ಕೆಳಗಿಳಿಯಬೇಕು, ಅರ್ಕಾವೊತ್ತು ಹಿಂದಕ್ಕೆ ಸರಿಯಬೇಕು, ಗುಣಿತದ ಚಿಹ್ನೆ ವ್ಯಂಜನದೊಡನೆ ಬೆಸೆಯಬೇಕು. ಹಿಂದೆ ಈ ತೊಡಕನ್ನು ತಪ್ಪಿಸಲು ಅಕ್ಷರದ ತುಣುಕುಗಳನ್ನೇ ಫಾಂಟಿನಲ್ಲಿಟ್ಟು ಪಕ್ಕಪಕ್ಕದಲ್ಲಿ ಜೋಡಿಸುತ್ತಿದ್ದರು. ಆಗ ಒಂದು ತಂತ್ರಾಂಶದಲ್ಲಿ ಬರೆದುದು ಇನ್ನೊಂದರಲ್ಲಿ ಓದಲು ಬಾರದೆ ಎಷ್ಟು ಗ್ರಂಥಗಳು ಹಾಳಾದುವೆಂಬುದನ್ನು ಬಲ್ಲವರು ಬಲ್ಲರು. ಯೂನಿಕೋಡಿನಲ್ಲಿ ಕನ್ನಡವು ೧೯೯೧ರ ಮೊದಲನೆಯ ಆವೃತ್ತಿಯಿಂದಲೇ ಇದ್ದರೂ, ಅದನ್ನು ಸರಿಯಾಗಿ ಮೂಡಿಸುವ ಯಂತ್ರಭಾಗವು ಎಲ್ಲ ಕಡೆಯೂ ಇರಲಿಲ್ಲ. ಇಂದಿನ ಬ್ರೌಸರುಗಳಲ್ಲಿ ಆ ಭಾಗವು ಸಿದ್ಧವಾಗಿದೆ. ಕ್ರೋಮಿಯಮ್ ಮತ್ತು ಫೈರ್‌ಫಾಕ್ಸ್ ಎರಡೂ ಹಾರ್ಫ್‌ಬಜ್ ಎಂಬ ಅಕ್ಷರಸಂಯೋಜಕವನ್ನು ಬಳಸುತ್ತವೆ. ಕ್ಯೂಟಿ ಮುಂತಾದ ಹಳೆಯ ಜಾತಿಯ ಚೌಕಟ್ಟುಗಳೂ ಈಗ ಅದನ್ನೇ ಬಳಸುವುದರಿಂದ ಇದೊಂದೇ ವಾದವು ಸಾಲದೆಂದು ಒಪ್ಪತಕ್ಕದ್ದು. ಆದರೆ ಮೂಲವನ್ನು ಒಂದು ಅಂಕಣದಲ್ಲಿ, ಟೀಕೆಯನ್ನು ಇನ್ನೊಂದರಲ್ಲಿ, ಪಾಠಾಂತರಗಳನ್ನು ಅಡಿಯಲ್ಲಿ, ಓಲೆಯ ಚಿತ್ರವನ್ನು ಮೇಲೆ ಇಟ್ಟು, ಅಕ್ಷರದ ಗಾತ್ರವನ್ನು ಹಿರಿದುಮಾಡಿದರೂ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ಉಳಿಯುವಂತೆ ಮಾಡುವುದು ಜಾಲಪುಟದ ಭಾಷೆಯಲ್ಲಿ ಎಷ್ಟು ಸುಲಭವೋ ಬೇರೆಡೆ ಅಷ್ಟು ಸುಲಭವಲ್ಲ. ಒಮ್ಮೆ ಬರೆದ ಮುಖವು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುವುದು ಇನ್ನೊಂದು ಲಾಭ.

ಮುಖಗರ್ಭಗಳನ್ನು ಕೂಡಿಸುವ ಕ್ರಮಗಳು ಮುಖ್ಯವಾಗಿ ಮೂರು. ಎಲೆಕ್ಟ್ರಾನಿನಲ್ಲಿ ಇಡೀ ಕ್ರೋಮಿಯಮ್ ಬ್ರೌಸರನ್ನೇ ತಂತ್ರಾಂಶದೊಳಗೆ ಹೊತ್ತುಕೊಂಡು ಹೋಗುತ್ತಾರೆ; ಗರ್ಭಭಾಗವು ನೋಡ್ ಎಂಬ ಜಾವಾಸ್ಕ್ರಿಪ್ಟ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಬರಿಯ ಖಾಲಿ ಕಿಟಕಿಯೊಂದನ್ನು ತೋರಿಸಬೇಕಾದರೂ ನೂರು ಮೆಗಾಬೈಟುಗಳನ್ನು ಮೀರಿದ ಭಾರ. ಲಾಭವೇನೆಂದರೆ, ಎಲ್ಲ ಯಂತ್ರಗಳಲ್ಲಿಯೂ ಒಂದೇ ಬ್ರೌಸರು, ಒಂದೇ ರೂಪ. ಟೌರಿ ಎಂಬ ಚೌಕಟ್ಟಿನಲ್ಲಿ ಗರ್ಭಭಾಗವು ರಸ್ಟ್ ಭಾಷೆಯಲ್ಲಿರುತ್ತದೆ. ಮುಖಕ್ಕೆ ಆಯಾ ಯಂತ್ರದಲ್ಲಿ ಮೊದಲೇ ಇರುವ ವೆಬ್‌ವ್ಯೂವನ್ನೇ ಎರವಲಾಗಿ ಪಡೆಯುತ್ತಾರೆ. ಇದರ ಮೊದಲ ಸ್ಥಿರ ಆವೃತ್ತಿ ೨೦೨೨ರಲ್ಲಿಯೂ ಎರಡನೆಯದು ೨೦೨೪ರಲ್ಲಿಯೂ ಬಂದುವು. ತೂಕ ಕೆಲವೇ ಮೆಗಾಬೈಟುಗಳು. ಆದರೆ ವಿಂಡೋಸಿನಲ್ಲಿ ಎಡ್ಜಿನ ಎಂಜಿನ್ನು, ಮ್ಯಾಕಿನಲ್ಲಿ ಆಪಲಿನ ವೆಬ್‌ಕಿಟ್, ಲಿನಕ್ಸಿನಲ್ಲಿ ವೆಬ್‌ಕಿಟ್‌ಜಿಟಿಕೆ, ಹೀಗೆ ಮೂರು ಬಗೆಯ ಲಿಪಿಕಾರರು ಒಂದೇ ಪಾಠವನ್ನು ಬರೆದಂತಾಗುತ್ತದೆ. ಸಾಲು ಮುರಿಯುವ ಸ್ಥಳವೂ ಒತ್ತಿನ ಇಳಿತವೂ ಅಲ್ಪಸ್ವಲ್ಪ ಬೇರೆಯಾಗುವುದನ್ನು ನಾವು ಕಂಡೆವು. ಮೂರನೆಯ ಕ್ರಮದಲ್ಲಿ ಗರ್ಭಭಾಗವು ಯಂತ್ರದೊಳಗೇ ಒಂದು ಚಿಕ್ಕ ಸರ್ವರಾಗಿ ನಿಂತು, ಮುಖವನ್ನು ನಮ್ಮ ನಿತ್ಯದ ಬ್ರೌಸರಿನಲ್ಲಿಯೇ ತೆರೆಯುತ್ತದೆ. ಗಣಿತಜ್ಞರು ಬಳಸುವ ಜುಪಿಟರ್ ನೋಟ್‌ಬುಕ್ ಹೀಗೆಯೇ ೮೮೮೮ನೆಯ ದ್ವಾರದಲ್ಲಿ ಕಾದಿರುತ್ತದೆ. ಈ ಕ್ರಮದಲ್ಲಿ ಸರ್ವರು ೧೨೭.೦.೦.೧ ಎಂಬ ಸ್ವಗೃಹದ ವಿಳಾಸಕ್ಕೆ ಮಾತ್ರ ಓಗೊಡುವಂತೆ ನೋಡಿಕೊಳ್ಳಬೇಕು. ಎಲ್ಲ ವಿಳಾಸಗಳಿಗೂ ಬಾಗಿಲು ತೆರೆದರೆ, ಅದೇ ವೈಫೈಯಲ್ಲಿರುವ ಎದುರುಮನೆಯವರೂ ನಮ್ಮ ಓಲೆಯನ್ನು ಓದಬಹುದು.

ನಾವು ಮೊದಲು ಎಲೆಕ್ಟ್ರಾನನ್ನು ಪರೀಕ್ಷಿಸಿ, ಗ್ರಂಥಾಲಯದ ಹಳೆಯ ಯಂತ್ರಗಳ ಶಕ್ತಿಯನ್ನು ಕಂಡು, ಬಳಿಕ ಟೌರಿಯನ್ನು ಆರಿಸಿಕೊಂಡೆವು. ನಿರ್ಮಾಣಕ್ರಮದಲ್ಲಿ ತಿಳಿಯಬೇಕಾದ ಮುಖ್ಯಾಂಶವೆಂದರೆ, ಮುಖಭಾಗಕ್ಕೆ ಎರಡು ಅವಸ್ಥೆಗಳುಂಟು ಎಂಬುದು. ಕಟ್ಟುವ ಕಾಲದಲ್ಲಿ ಅದು ಒಂದು ತಾತ್ಕಾಲಿಕ ಸರ್ವರಿನಿಂದ ಬರುತ್ತದೆ. ವೀಟ್ ಎಂಬ ಸಾಧನವನ್ನು ಬಳಸಿದರೆ ಆ ಸರ್ವರು ಸಾಮಾನ್ಯವಾಗಿ ೫೧೭೩ನೆಯ ದ್ವಾರದಲ್ಲಿ ನಿಲ್ಲುತ್ತದೆ. ತಂತ್ರಾಂಶದ ಕಿಟಕಿಯು ಆ ವಿಳಾಸವನ್ನು ತೆರೆಯುತ್ತದೆ. ತರುಣರು ಒಂದು ಸಾಲನ್ನು ತಿದ್ದಿ ಉಳಿಸಿದ ಕ್ಷಣದಲ್ಲಿಯೇ ಕಿಟಕಿಯಲ್ಲಿ ಬದಲಾವಣೆ ಕಾಣಿಸುತ್ತದೆ. ಇದು ಮಣ್ಣಿನ ಹಲಗೆಯ ಮೇಲೆ ಅಕ್ಷರ ತಿದ್ದುವ ಅವಸ್ಥೆ. ಎರಡನೆಯದರಲ್ಲಿ, ಬರೆದುದೆಲ್ಲವನ್ನೂ ಕಟ್ಟಿ, ಕುಗ್ಗಿಸಿ, ಕೆಲವೇ ಕಡತಗಳನ್ನಾಗಿ ಮಾಡಿ ಒಂದು ಫೋಲ್ಡರಿನಲ್ಲಿ ಇಡುತ್ತಾರೆ. ಟೌರಿಯು ಆ ಫೋಲ್ಡರನ್ನು ಗರ್ಭಭಾಗದೊಳಗೆ ಸೇರಿಸಿ ಒಂದೇ ತಂತ್ರಾಂಶವನ್ನಾಗಿ ಮಾಡುತ್ತದೆ. ಆಗ ಸರ್ವರಿಲ್ಲ, ದ್ವಾರವಿಲ್ಲ. ತನ್ನದೇ ಆದ ಒಂದು ಆಂತರಿಕ ವಿಳಾಸದಿಂದ ಮುಖವು ತೆರೆಯುತ್ತದೆ. ಇದು ಕಂಠದಿಂದ ಓಲೆಗೆ ಇಳಿದ ಅವಸ್ಥೆ. ಯಾವ ಅವಸ್ಥೆಯಲ್ಲಿ ಎಲ್ಲಿಂದ ಮುಖವನ್ನು ತರಬೇಕೆಂಬುದನ್ನು ಟೌರಿಯ ವಿನ್ಯಾಸಕಡತದಲ್ಲಿ ಎರಡು ಬೇರೆ ಸಾಲುಗಳಲ್ಲಿ ಬರೆದಿಡುತ್ತಾರೆ.

ಒಂದು ಅವಸ್ಥೆಯಲ್ಲಿ ಸರಿಯಾಗಿ ನಡೆದುದು ಇನ್ನೊಂದರಲ್ಲಿಯೂ ನಡೆಯುವುದೆಂಬ ನಂಬಿಕೆ ಅಪಾಯಕರ. ಎಲೆಕ್ಟ್ರಾನಿನ ಪರೀಕ್ಷೆಯಲ್ಲಿ, ಕಟ್ಟುವಾಗ ಸುಂದರವಾಗಿದ್ದ ಮುಖವು ಸಿದ್ಧವಾದ ಮೇಲೆ ಬರಿಯ ಬಿಳಿಯ ಹಾಳೆಯಾಯಿತು. ಕಾರಣವು ಒಂದು ಓರೆಗೆರೆ. ಕಡತಗಳ ವಿಳಾಸವು ಓರೆಗೆರೆಯಿಂದ ಮೊದಲಾಗಿದ್ದರೆ, ಸರ್ವರಿರುವಾಗ ಅದಕ್ಕೆ “ಈ ಸರ್ವರಿನ ಮೂಲದಿಂದ” ಎಂದು ಅರ್ಥ. ಸರ್ವರಿಲ್ಲದೆ ಕಡತವನ್ನೇ ನೇರವಾಗಿ ತೆರೆದಾಗ “ಇಡೀ ಯಂತ್ರದ ಮೂಲದಿಂದ” ಎಂದು ಅರ್ಥ. ಅಲ್ಲಿ ನಮ್ಮ ಕಡತವೆಲ್ಲಿಯದು? ವಿಳಾಸವನ್ನು ಸಾಪೇಕ್ಷವಾಗಿ ಮಾಡಿದೊಡನೆ ಮುಖವು ಕಾಣಿಸಿತು. ಇನ್ನೊಮ್ಮೆ, ಫಾಂಟನ್ನು ಅಂತರ್ಜಾಲದಿಂದ ತರಿಸುವಂತೆ ಬರೆದಿದ್ದುದರಿಂದ, ಪಟ್ಟಣದಲ್ಲಿ ಮುದ್ದಾಗಿದ್ದ ಅಕ್ಷರಗಳು ಪ್ರತಿಯಿದ್ದ ಹಳ್ಳಿಯ ಮನೆಯಲ್ಲಿ ಬೇರೆ ರೂಪವನ್ನೇ ತಾಳಿದುವು; ವಿಂಡೋಸಿನ ತುಂಗಾ ಫಾಂಟು ಅವುಗಳ ಸ್ಥಾನದಲ್ಲಿ ಬಂದು ಕುಳಿತಿತ್ತು. ನೋಟೊ ಸೆರಿಫ್ ಕನ್ನಡದಂಥ ಮುಕ್ತ ಫಾಂಟನ್ನು ತಂತ್ರಾಂಶದೊಳಗೇ ಇಡುವುದು ಇದಕ್ಕೆ ಪರಿಹಾರ. ಮತ್ತೊಂದು ಸಂಗತಿ: ಬ್ರೌಸರಿನಲ್ಲಿರುವ ಸ್ವಂತ ಉಗ್ರಾಣದಲ್ಲಿ ಟಿಪ್ಪಣಿಗಳನ್ನು ಇಡಬಾರದು. ಆ ಉಗ್ರಾಣವು ವಿಳಾಸಕ್ಕೆ ಕಟ್ಟುಬಿದ್ದುದು. ಕಟ್ಟುವ ಅವಸ್ಥೆಯ ವಿಳಾಸ ಒಂದು, ಸಿದ್ಧಾವಸ್ಥೆಯ ವಿಳಾಸ ಇನ್ನೊಂದು. ಒಂದರಲ್ಲಿಟ್ಟುದು ಇನ್ನೊಂದರಲ್ಲಿ ಕಾಣಿಸದು. ಉಳಿಸತಕ್ಕದ್ದೆಲ್ಲವೂ ಗರ್ಭಭಾಗದ ವಶದಲ್ಲಿ, ಸಾಮಾನ್ಯ ಕಡತವಾಗಿ ಇರಬೇಕು.

ಇನ್ನು ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಮುಖಕ್ಕೂ ಗರ್ಭಕ್ಕೂ ನಡುವೆ ಹೋಗುವ ಸಂದೇಶಗಳಲ್ಲಿ ಅತಿ ಸಾಮಾನ್ಯವಾದುದು, “ಈ ಸಾಲಿನಲ್ಲಿ ಇಷ್ಟನೆಯ ಅಕ್ಷರದಿಂದ ಇಷ್ಟನೆಯ ಅಕ್ಷರದವರೆಗೆ ಪಾಠಾಂತರವಿದೆ” ಎಂಬುದು. ಇದರಲ್ಲಿ ಅಕ್ಷರವೆಂದರೆ ಯಾವುದು?

ಸ್ತ್ರೀ ಎಂಬ ಶಬ್ದವನ್ನು ತೆಗೆದುಕೊಳ್ಳಿ. ಛಂದಶ್ಶಾಸ್ತ್ರಜ್ಞನಿಗೆ ಇದು ೧ ಅಕ್ಷರ, ಗುರು, ೨ ಮಾತ್ರೆ. ವೈಯಾಕರಣನಿಗೆ ಸಕಾರ, ತಕಾರ, ರೇಫ, ಈಕಾರಗಳೆಂದು ೪ ವರ್ಣಗಳು. ಯೂನಿಕೋಡಿನಲ್ಲಿ ಸ, ಹಲಂತಚಿಹ್ನೆ, ತ, ಹಲಂತಚಿಹ್ನೆ, ರ, ಈಕಾರದ ಗುಣಿತಚಿಹ್ನೆ ಎಂದು ೬ ಸಂಕೇತಗಳು. ಈ ಸಂಕೇತಗಳನ್ನು ಕಡತದಲ್ಲಿ ಬರೆಯುವ ಯುಟಿಎಫ್-೮ ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟುಗಳು. ಆದುದರಿಂದ ೧೮ ಬೈಟುಗಳು. ಮುಖಭಾಗದ ಜಾವಾಸ್ಕ್ರಿಪ್ಟ್ ಭಾಷೆಯು ೧೬ ಬಿಟ್ಟುಗಳ ಘಟಕಗಳಲ್ಲಿ ಎಣಿಸುತ್ತದೆ. ಕನ್ನಡಕ್ಕೆ ಅದೂ ೬. ಓದುಗನ ದೃಷ್ಟಿಯಲ್ಲಿ ಒಂದೆನಿಸುವ ಗುಚ್ಛವನ್ನು ಗುರುತಿಸಲು ಯೂನಿಕೋಡಿನವರು ಬೇರೆ ಸೂತ್ರಗಳನ್ನು ಮಾಡಿದ್ದಾರೆ. ಆ ಸೂತ್ರಗಳನ್ನು ಕನ್ನಡಕ್ಕೆ ಅನ್ವಯಿಸಿದರೆ ಸ್, ತ್, ರೀ ಎಂದು ೩ ಗುಚ್ಛಗಳು ಬರುತ್ತವೆ! ೨೦೨೩ರಲ್ಲಿ ಬಂದ ೧೫.೧ನೆಯ ಆವೃತ್ತಿಯಲ್ಲಿ ಒತ್ತಕ್ಷರಗಳನ್ನು ಒಂದೇ ಗುಚ್ಛವಾಗಿ ಕೂಡಿಸುವ ಸೂತ್ರವನ್ನು ಸೇರಿಸಿದರು; ಅದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅನ್ವಯಿಸಿತು; ಕನ್ನಡವು ಆ ಪಟ್ಟಿಯಲ್ಲಿರಲಿಲ್ಲ. ಹೀಗಾಗಿ ಒಂದೇ ಶಬ್ದವು ಆ ಸೂತ್ರದಂತೆ ತೆಲುಗಿನಲ್ಲಿ ಒಂದು, ಕನ್ನಡದಲ್ಲಿ ಮೂರು. ೧, ೨, ೩, ೪, ೬, ೧೮: ಒಂದು ಸ್ತ್ರೀಶಬ್ದಕ್ಕೆ ಆರು ಬಗೆಯ ಎಣಿಕೆ, ಎಲ್ಲವೂ ತಮ್ಮ ತಮ್ಮ ಶಾಸ್ತ್ರದಲ್ಲಿ ಸರಿ.

ಇಷ್ಟಕ್ಕೇ ಮುಗಿಯುವುದಿಲ್ಲ. ಈಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಗುಡಿಸು ಮತ್ತು ದೀರ್ಘ ಎಂದು ಎರಡು ಸಂಕೇತಗಳಾಗಿಯೂ ಬರೆಯಬಹುದು. ಯೂನಿಕೋಡಿನ ಮತದಲ್ಲಿ ಎರಡೂ ಸಮಾನ, ಆದರೆ ಎಣಿಕೆ ೬ರ ಬದಲು ೭ ಆಗುತ್ತದೆ. ಸೂರ್ಯ ಎಂದು ಅರ್ಕಾವೊತ್ತಿನಿಂದ ಬರೆದುದಕ್ಕೂ ಸೂರ‍್ಯ ಎಂದು ರೇಫವನ್ನು ಮೊದಲಿಟ್ಟು ಬರೆದುದಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಸೇರಿರುತ್ತದೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಕ್ಕದು. ಲಿಪಿಕಾರನ ರೂಢಿಯನ್ನು ತಿಳಿಯಲು ಈ ಭೇದವು ನಮಗೆ ಬೇಕು, ಪದಸೂಚಿಯನ್ನು ಮಾಡುವಾಗ ಬೇಡ. ಪ್ರಸಂಗವಶದಿಂದ ಇನ್ನೊಂದು ಮಾತು: ಹಳಗನ್ನಡದ ೞಕಾರಕ್ಕೆ ಯೂನಿಕೋಡಿನಲ್ಲಿ ಸ್ಥಾನವುಂಟು, ಆದರೆ ಅದರ ಅಧಿಕೃತ ನಾಮಧೇಯ ತಪ್ಪಾಗಿ ಫಕಾರವೆಂದು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮವಾದುದರಿಂದ, ತಪ್ಪನ್ನು ಟಿಪ್ಪಣಿಯಲ್ಲಿ ಒಪ್ಪಿಕೊಂಡು ಹೆಸರನ್ನು ಹಾಗೆಯೇ ಉಳಿಸಿದ್ದಾರೆ. ಕೇಶಿರಾಜನು ಕೇಳಿದ್ದರೆ ಏನೆನ್ನುತ್ತಿದ್ದನೋ!

ನಮ್ಮ ಕೆಲಸದಲ್ಲಿ ಎರಡು ದೋಷಗಳು ಕಾಣಿಸಿಕೊಂಡುವು. ಮೊದಲನೆಯದು ಗದ್ದಲದ ದೋಷ. ಮುಖವು ಆರೆಂದು ಎಣಿಸಿ ಕಳುಹಿಸಿದ ಸ್ಥಾನವನ್ನು ಗರ್ಭಭಾಗದ ರಸ್ಟ್ ಭಾಷೆಯು ಬೈಟುಗಳ ಎಣಿಕೆಯೆಂದು ತಿಳಿಯಿತು. ನಾಲ್ಕನೆಯ ಬೈಟಿನ ಬಳಿ ಕತ್ತರಿಸಲು ಹೋದರೆ ಅದು ಒಂದು ಸಂಕೇತದ ಹೊಟ್ಟೆಯಲ್ಲಿಯೇ ಬೀಳುತ್ತದೆ. ರಸ್ಟ್ ಅದನ್ನು ಸಹಿಸದೆ ಒಮ್ಮೆಗೇ ನಿಂತುಬಿಡುತ್ತದೆ. ಇಂಥ ದೋಷವು ಸಜ್ಜನನಂತೆ. ತಪ್ಪನ್ನು ಮುಖದೆದುರೇ ಹೇಳುತ್ತದೆ. ತರುಣರು ಗರ್ಭಭಾಗವು ಬೈಟುಗಳ ಬದಲು ಸಂಕೇತಗಳನ್ನು ಎಣಿಸುವಂತೆ ತಿದ್ದಿದರು. ಮುಖದಲ್ಲಿ ಆರು, ಗರ್ಭದಲ್ಲಿ ಆರು. ಕನ್ನಡ ಲಿಪಿಯ ಎರಡು ಪ್ರತಿಗಳನ್ನು ತಿಂಗಳುಗಟ್ಟಲೆ ಓದಿದೆವು. ಒಂದು ಗುರುತೂ ತಪ್ಪಲಿಲ್ಲ. ದೋಷವು ಪರಿಹಾರವಾಯಿತೆಂದು ನಂಬಿದೆವು.

ಮೂರನೆಯ ಪ್ರತಿಯು ನಂದಿನಾಗರಿಯಲ್ಲಿತ್ತು. ಅದನ್ನು ಇದ್ದಂತೆಯೇ ಆ ಲಿಪಿಯಲ್ಲಿಯೇ ಬೆರಳಚ್ಚಿಸಿಕೊಂಡೆವು. ಏಕೆಂದರೆ ನಂದಿನಾಗರಿಗೆ ೨೦೧೯ರಿಂದ ಯೂನಿಕೋಡಿನಲ್ಲಿ ಸ್ಥಾನವುಂಟು. ಗ್ರಂಥಲಿಪಿಗೆ ೨೦೧೪ರಲ್ಲಿಯೂ, ತುಳು-ತಿಗಳಾರಿಗೆ ೨೦೨೪ರಲ್ಲಿಯೂ ಸ್ಥಾನ ಸಿಕ್ಕಿತು. ಆದರೆ ಈ ಮೂರೂ ಲಿಪಿಗಳ ಮನೆಗಳು ಯೂನಿಕೋಡಿನ ಮೊದಲಿನ ೬೫,೫೩೬ ಸ್ಥಾನಗಳನ್ನು ದಾಟಿದ ಹೊರಕೇರಿಯಲ್ಲಿವೆ. ಅಲ್ಲಿಯ ಒಂದೊಂದು ಸಂಕೇತವನ್ನೂ ಜಾವಾಸ್ಕ್ರಿಪ್ಟ್ ೨ ಘಟಕಗಳಾಗಿ ಎಣಿಸುತ್ತದೆ. ಗರ್ಭಭಾಗವು ಒಂದೆಂದೇ ಎಣಿಸುತ್ತದೆ. ನಾವು ಬೆರಳಿನಿಂದ ಆರಿಸಿ ಗುರುತುಮಾಡಿದ ಪಾಠಾಂತರಗಳ ಸ್ಥಾನವನ್ನು ಮುಖವು ಎಣಿಸಿತ್ತು. ಎರಡು ಪ್ರತಿಗಳನ್ನು ತಾನೇ ಹೋಲಿಸಿ ಕಂಡುಕೊಂಡ ಪಾಠಾಂತರಗಳ ಸ್ಥಾನವನ್ನು ಗರ್ಭವು ಎಣಿಸಿತ್ತು. ಎರಡೂ ಒಂದೇ ಪಟ್ಟಿಯಲ್ಲಿ ಬೆರೆತುಹೋಗಿದ್ದುವು. ತಂತ್ರಾಂಶವು ನಿಲ್ಲಲಿಲ್ಲ, ಗೊಣಗಲಿಲ್ಲ. ಹತ್ತನೆಯ ಅಕ್ಷರದ ಪಾಠಾಂತರವು ಇಪ್ಪತ್ತನೆಯದರ ಮೇಲೆ ಶಾಂತವಾಗಿ ಕುಳಿತಿತ್ತು. ಒಂದು ಶ್ಲೋಕದಲ್ಲಿ ಛಂದೋಭಂಗವಾಗುವ ಪಾಠವನ್ನು ಪ್ರತಿಯು ಹೇಳುತ್ತಿದೆಯೆಂದು ತೋರಿಬಂದಾಗ ನಾನು ಲಿಪಿಕಾರನನ್ನು ನಿಂದಿಸಿ ಟಿಪ್ಪಣಿ ಬರೆಯಲು ಹೊರಟಿದ್ದೆನು. ಓಲೆಯ ಚಿತ್ರವನ್ನು ಮತ್ತೊಮ್ಮೆ ನೋಡಿದಾಗ ಅವನು ನಿರ್ದೋಷಿಯೆಂದು ತಿಳಿಯಿತು. ಇನ್ನೂರು ವರ್ಷಗಳ ಹಿಂದೆ ಕಂಟದಿಂದ ಕೊರೆದವನ ಮೇಲೆ ಮುದ್ರಿತ ಗ್ರಂಥದಲ್ಲಿ ಅಪವಾದವನ್ನು ಹೊರಿಸಿಬಿಡುತ್ತಿದ್ದೆವು, ಅದೂ ಅವನು ಮಾಡದ ತಪ್ಪಿಗಾಗಿ.

ಪರಿಹಾರವು ನಮ್ಮ ಹಳೆಯ ಪರಿಷ್ಕರಣಪದ್ಧತಿಯಲ್ಲಿಯೇ ಇತ್ತು. ಮುದ್ರಿತ ಪರಿಷ್ಕರಣದಲ್ಲಿ ಪಾಠಾಂತರವನ್ನು ಕೊಡುವಾಗ “ಹದಿನೇಳನೆಯ ಅಕ್ಷರ” ಎಂದು ಯಾರೂ ಬರೆಯುವುದಿಲ್ಲ. ಶ್ಲೋಕಸಂಖ್ಯೆಯನ್ನು ಹೇಳಿ, ಮೂಲದ ಪದವನ್ನೇ ಎತ್ತಿಕೊಂಡು, ಅದರ ಮುಂದೆ ಭಿನ್ನಪಾಠವನ್ನು ಕೊಡುತ್ತೇವೆ. ಎಣಿಕೆಯಲ್ಲಿ ಭ್ರಾಂತಿಯಾದರೂ ಪದವೇ ಸಾಕ್ಷಿ. ಜಾಲಶಾಸ್ತ್ರಜ್ಞರೂ ೨೦೧೭ರಲ್ಲಿ ಟಿಪ್ಪಣಿಗಳಿಗಾಗಿ ಮಾಡಿದ ವಿಧಿಯಲ್ಲಿ, ಸ್ಥಾನವನ್ನು ಸಂಖ್ಯೆಯಿಂದ ಹೇಳುವ ಕ್ರಮದ ಪಕ್ಕದಲ್ಲಿಯೇ ಉದ್ಧೃತಪದದಿಂದಲೂ ಅದರ ಹಿಂದುಮುಂದಿನ ಅಕ್ಷರಗಳಿಂದಲೂ ಹೇಳುವ ಕ್ರಮವನ್ನು ಇಟ್ಟಿದ್ದಾರೆ. ನಮ್ಮ ತಂತ್ರಾಂಶದಲ್ಲಿ ಈಗ ಮುಖವು ಕಳುಹಿಸುವ ಪ್ರತಿಯೊಂದು ಸಂದೇಶದಲ್ಲಿಯೂ ಗರಿ, ಸಾಲು, ಸಂಕೇತಗಳ ಎಣಿಕೆ, ಮತ್ತು ಆ ಸ್ಥಾನದಲ್ಲಿ ತನಗೆ ಕಾಣಿಸುವ ಪದ ಇವು ನಾಲ್ಕೂ ಇರುತ್ತವೆ. ಗರ್ಭಭಾಗವು ತನ್ನ ಕಡತದಲ್ಲಿ ಆ ಸ್ಥಾನವನ್ನು ನೋಡಿ, ಪದವು ಹೊಂದಿದರೆ ಮಾತ್ರ ಸ್ವೀಕರಿಸುತ್ತದೆ, ಹೊಂದದಿದ್ದರೆ ಹಿಂದಿರುಗಿಸುತ್ತದೆ. ಎರಡು ಬಗೆಯಲ್ಲಿ ಬರೆಯಬಹುದಾದ ಗುಣಿತಚಿಹ್ನೆಗಳನ್ನು ಕಡತವು ಒಳಗೆ ಬರುವಾಗಲೇ ಒಂದೇ ರೂಪಕ್ಕೆ ತರುತ್ತೇವೆ. ಕಾಣದ ಜೋಡಣೆಯ ಚಿಹ್ನೆಯನ್ನು ಮಾತ್ರ ಮುಟ್ಟುವುದಿಲ್ಲ.

ಗರ್ಭವು ಮುಖವನ್ನು ಪೂರ್ತಿಯಾಗಿ ನಂಬಬಾರದೆಂಬುದಕ್ಕೆ ಇನ್ನೊಂದು ಕಾರಣವೂ ಸಿಕ್ಕಿತು. ಓಲೆಯಲ್ಲಿ ಅಳಿದುಹೋದ ಅಕ್ಷರವನ್ನು ಊಹಿಸಿ ಕೊಡುವಾಗ ಅದನ್ನು ಕೋನಾಕಾರದ ಆವರಣದಲ್ಲಿ ಇಡುವ ರೂಢಿಯುಂಟು. ಜಾಲಪುಟದ ಭಾಷೆಯಲ್ಲಿ ಅದೇ ಆವರಣವು ಆಜ್ಞೆಯ ಗುರುತು. ಕನ್ನಡದಲ್ಲಿ ಬರೆದ ಊಹಾಪಾಠಗಳು ಸರಿಯಾಗಿ ಕಾಣಿಸಿದುವು. ಏಕೆಂದರೆ ಆವರಣದ ಮುಂದೆ ರೋಮನ್ ಅಕ್ಷರವಿಲ್ಲದಿದ್ದರೆ ಬ್ರೌಸರು ಅದನ್ನು ಆಜ್ಞೆಯೆಂದು ಭಾವಿಸದು. ಆದರೆ ವಿದೇಶದ ವಿದ್ವಾಂಸರೊಬ್ಬರು ರೋಮನ್ ಲಿಪ್ಯಂತರದಲ್ಲಿ ಕಳುಹಿಸಿದ ಕಡತವನ್ನು ತೆರೆದಾಗ ಅವರ ಊಹಾಪಾಠಗಳೆಲ್ಲವೂ ಮಾಯವಾಗಿದ್ದುವು. ಬ್ರೌಸರು ಅವನ್ನು ಅಪರಿಚಿತ ಆಜ್ಞೆಗಳೆಂದು ನುಂಗಿತ್ತು. ಬಂದ ಪಾಠವನ್ನು ಪುಟದ ಭಾಷೆಯೆಂದು ತುಂಬದೆ ಬರಿಯ ಅಕ್ಷರಗಳೆಂದು ತುಂಬುವಂತೆ ತಿದ್ದಿದಮೇಲೆ ಅವು ಹಿಂದಿರುಗಿದುವು. ಪಾಠವು ಆಜ್ಞೆಯಾಗಿ ನಡೆಯಬಲ್ಲ ಈ ದ್ವಾರದಿಂದಲೇ ದುಷ್ಟರ ಆಜ್ಞೆಯೂ ಒಳಗೆ ಬರಬಹುದು. ಮುಖಕ್ಕೆ ಯಂತ್ರದ ಅಧಿಕಾರವನ್ನೆಲ್ಲ ಕೊಟ್ಟಿದ್ದರೆ, ಒಂದು ಕಡತವನ್ನು ತೆರೆದ ಮಾತ್ರಕ್ಕೆ ಉಳಿದ ಕಡತಗಳೆಲ್ಲ ಪರಾಧೀನವಾಗಬಹುದು. ಎಲೆಕ್ಟ್ರಾನಿನವರು ೨೦೨೧ರ ಹನ್ನೆರಡನೆಯ ಆವೃತ್ತಿಯಿಂದ, ಪುಟದ ಆವರಣವನ್ನು ತಮ್ಮ ಆಂತರಿಕ ಆವರಣದಿಂದ ಬೇರ್ಪಡಿಸುವುದನ್ನೇ ಸಹಜಸ್ಥಿತಿಯನ್ನಾಗಿ ಮಾಡಿದರು. ಟೌರಿಯ ಎರಡನೆಯ ಆವೃತ್ತಿಯಲ್ಲಿ ಮುಖವು ಏನೇನನ್ನು ಕೇಳಬಹುದೆಂಬುದನ್ನು ಅನುಮತಿಪಟ್ಟಿಯಲ್ಲಿ ಬರೆದಿಡಬೇಕು. ನಮ್ಮ ಪಟ್ಟಿಯಲ್ಲಿ ಪ್ರತಿಗಳ ಫೋಲ್ಡರೊಂದನ್ನು ಬಿಟ್ಟು ಬೇರಾವ ಸ್ಥಳವೂ ಇಲ್ಲ.

ಹಳೆಯ ಗುರುತುಗಳ ಮಾತು ಉಳಿಯಿತು. ಅವುಗಳಲ್ಲಿ ಯಾವುದನ್ನು ಮುಖವು ಎಣಿಸಿತು, ಯಾವುದನ್ನು 

ಗರ್ಭವು ಎಣಿಸಿತು ಎಂದು ಪಟ್ಟಿಯಲ್ಲಿ ಬರೆದಿಟ್ಟಿರಲಿಲ್ಲ. ಸಾಲಿನ ಒಟ್ಟು ಸಂಕೇತಗಳನ್ನು ಮೀರಿದ ಸಂಖ್ಯೆಯಿದ್ದರೆ ಅದು ಮುಖದ್ದೇ ಸರಿ. ಸಾಲಿನ ಮೊದಲ ಪದದೊಳಗೆ ಬೆಸಸಂಖ್ಯೆ ಬಂದಿದ್ದರೆ ಅದು ಗರ್ಭದ್ದು. ಏಕೆಂದರೆ ಮುಖದ ಎಣಿಕೆಯಲ್ಲಿ ಅಲ್ಲಿ ಎರಡೆರಡಾಗಿಯೇ ಏರಬೇಕು. ಮುಂದಿನ ಪದಗಳಲ್ಲಿ ಈ ಯುಕ್ತಿ ಕೆಡುತ್ತದೆ; ಪದಗಳ ನಡುವಿನ ತೆರಪೂ ದಂಡವೂ ಒಂದೊಂದೇ ಘಟಕವಾದುದರಿಂದ ಅವನ್ನು ಲೆಕ್ಕಹಾಕಿ ಕಳೆಯಬೇಕು. ಹೀಗೆ ತರ್ಕದಿಂದ ಹಲವನ್ನು ಬೇರ್ಪಡಿಸಿದೆವು. ಎರಡು ಬಗೆಯಲ್ಲಿ ಎಣಿಸಿದರೂ ಸಂಭವವೆನಿಸುವ ಗುರುತುಗಳಿಗೆ ಯಂತ್ರದಲ್ಲಿ ಉತ್ತರವಿಲ್ಲ. ಅವುಗಳಿಗಾಗಿ ನಾವಿಬ್ಬರೂ ಭಾನುವಾರಗಳಂದು ಆ ಮನೆಗೆ ಹೋಗಿ, ಓಲೆಯ ಕಟ್ಟನ್ನು ಬಿಚ್ಚಿ, ಒಬ್ಬರು ಓದಿ ಒಬ್ಬರು ಗುರುತು ಹಾಕುತ್ತ, ನಾಲ್ವತ್ತೊಂದನೆಯ ಗರಿಯವರೆಗೆ ಬಂದಿದ್ದೇವೆ.